ಆರು ವರ್ಷದೊಳಗಿನ ಮಕ್ಕಳಿಗೆ ಖಾಲಿ ಹಾಳೆ ಕೊಡಿ

ಮಾನ್ಯ ಸಂಪಾದಕರೇ,

ಗದಗ-ಬೆಟಗೇರಿಯ ಒಂದು ಮುದ್ರಣಾಲಯದಲ್ಲಿ ನಾನು 22 ವರ್ಷಗಳಿಂದ ಬೈಂಡಿಂಗ್ ಕೆಲಸ ಮಾಡುತ್ತಿದ್ದೇನೆ. ಫಾರಂ (ಅಚ್ಚಾದ ದೊಡ್ಡ ಹಾಳೆ) ಮಡಿಸುವುದು, ಪುಟ ಜೋಡಿಸುವುದು, ಹೊಲಿಯುವುದು, ಅಂಟು ಹಚ್ಚುವುದು. ನಿಮ್ಮ ಪತ್ರಿಕೆಯನ್ನು ದಿನಾ ಓದುತ್ತೇನೆ, ಆದರೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಪೂರ್ತಿ ಓದಿ.

ಶ್ರಾವಣದಲ್ಲಿ ನಮ್ಮ ಊರಿನ ಒಂದು ಸಂಘದವರು ಮಕ್ಕಳಿಗೆ ಚಿತ್ರಕಲಾ ಸ್ಪರ್ಧೆ ಇಟ್ಟಿದ್ದರು. ಮೂರರಿಂದ ಆರು ವರ್ಷದವರಿಗೆ ಬಣ್ಣ ತುಂಬುವ ವಿಭಾಗ. ನನ್ನ ಮಗಳ ಮಗನನ್ನು ನಾನೇ ಕರೆದುಕೊಂಡು ಹೋಗಿದ್ದೆ. ಅವನಿಗೆ ನಾಲ್ಕೂವರೆ ವರ್ಷ. ಸೆರೆಬ್ರಲ್ ಪಾಲ್ಸಿ ಇದೆ. ಬಲಗೈ ಬಿಗಿದುಕೊಂಡಿರುತ್ತದೆ, ಮುಷ್ಟಿ ಪೂರ್ತಿ ಬಿಚ್ಚುವುದಿಲ್ಲ. ಬಲಗಾಲು ಸ್ವಲ್ಪ ಎಳೆಯುತ್ತಾನೆ. ಮಾತು ನಿಧಾನ, ಆದರೆ ಎಲ್ಲ ತಿಳಿಯುತ್ತದೆ.

ಕಲ್ಯಾಣ ಮಂಟಪದಲ್ಲಿ ಊಟದ ಟೇಬಲ್ಲು, ದೊಡ್ಡವರು ಕೂರುವ ಕುರ್ಚಿ ಹಾಕಿದ್ದರು. ಮಕ್ಕಳ ಗದ್ದ ಟೇಬಲ್ಲಿಗೆ ತಾಗುತ್ತಿತ್ತು. ಎಲ್ಲರಿಗೂ ಒಂದೇ ಚಿತ್ರ ಮುದ್ರಿಸಿ ಕೊಟ್ಟರು, ಒಂದು ನವಿಲು. ಸಮಯ ಅರ್ಧ ತಾಸು. ಬಣ್ಣ ಗೆರೆ ದಾಟಬಾರದು ಎಂದು ಮೈಕಿನಲ್ಲಿ ಎರಡು ಸಲ ಹೇಳಿದರು. ನನ್ನ ಮೊಮ್ಮಗ ಎಡಗೈಯಲ್ಲಿ ಕ್ರೆಯಾನ್ ಹಿಡಿದು ತಿಕ್ಕಿದ. ಇನ್ನೊಂದು ಕೈ ಹಾಳೆಯನ್ನು ಒತ್ತಿ ಹಿಡಿಯುವುದಿಲ್ಲವಲ್ಲ, ಹಾಳೆ ಜಾರಿತು. ಮತ್ತೆ ತಿಕ್ಕಿದ, ಮತ್ತೆ ಜಾರಿತು. ಅದನ್ನು ನೋಡಿ ಅಲ್ಲಿದ್ದ ಒಬ್ಬ ಹುಡುಗಿ ಪ್ರೀತಿಯಿಂದಲೇ ಬಂದಳು. ಅವನ ಕೈಯನ್ನು ತನ್ನ ಕೈಯೊಳಗೆ ಹಿಡಿದು ನವಿಲಿಗೆ ನೀಲಿ ತುಂಬಿಸಿದಳು. ಒಂದು ಕಡೆಯೂ ಗೆರೆ ದಾಟಲಿಲ್ಲ. 'ಎಷ್ಟು ಚಂದ ಬಂತು ನೋಡು' ಎಂದಳು. ನಾನೂ ಪಕ್ಕದಲ್ಲೇ ನಿಂತಿದ್ದೆ, ತಡೆಯಲಿಲ್ಲ. ಆಟೋದಲ್ಲಿ ಬರುವಾಗ ಅವನ ತೊಡೆಯ ಮೇಲೆ ಆ ನವಿಲು, ಒಂದು ಸರ್ಟಿಫಿಕೇಟು ಇತ್ತು. ನವಿಲನ್ನು ಮೆಲ್ಲಗೆ ನನ್ನ ಕಡೆ ದೂಡಿ ಹೇಳಿದ: 'ಅಮ್ಮ, ಇದು ನಂದಲ್ಲ.'

ನಮ್ಮ ಕಡೆ ಅಜ್ಜಿಗೂ ಅಮ್ಮ ಅನ್ನುತ್ತಾರೆ. ತಾಯಿ ಅವ್ವ.

ಅದಕ್ಕೆ ಮೊದಲು ಅವನು ನಮ್ಮ ಮನೆಯ ಗೋಡೆ, ಕಟ್ಟೆ, ಹಿಟ್ಟಿನ ಡಬ್ಬಿ ಯಾವುದನ್ನೂ ಬಿಟ್ಟಿರಲಿಲ್ಲ. ಎಲ್ಲ ಕಡೆ ಬಳಪದಲ್ಲಿ ಗೀಚಿದ್ದ. ಆ ದಿನದ ನಂತರ ಸುಮಾರು ಒಂದು ತಿಂಗಳು ಬಳಪ ಮುಟ್ಟಲಿಲ್ಲ. ನಾನು ಕೊಟ್ಟರೆ ನನ್ನ ಕೈಗೇ ತಿರುಗಿ ಇಡುತ್ತಿದ್ದ. ನೀನೇ ಬಿಡಿಸು ಅನ್ನುವ ಹಾಗೆ.

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಆ ನವಿಲಿನ ಬಗ್ಗೆ ಮಾತ್ರ ತುಂಬಾ ಯೋಚನೆ ಮಾಡಿದೆ. ಅಂಥ ಬಣ್ಣ ತುಂಬುವ ಪುಸ್ತಕಗಳನ್ನು ನಾನೇ ಸಾವಿರಗಟ್ಟಲೆ ಪಿನ್ ಹೊಡೆದು ಕಳಿಸಿದ್ದೇನೆ. ಅದರಲ್ಲಿ ನವಿಲನ್ನು ನೋಡಿದವರು, ಅದು ಹೇಗಿರಬೇಕು ಎಂದು ಯೋಚಿಸಿದವರು, ಗೆರೆ ಎಳೆದವರು ಎಲ್ಲ ಯಾರೋ ದೊಡ್ಡವರು. ಚಿತ್ರದ ಕೆಲಸ ಅಲ್ಲಿಗೇ ಮುಗಿದಿದೆ. ಮಗುವಿಗೆ ಉಳಿದಿರುವುದು ಹೇಳಿದ ಮಾತು ಕೇಳುವುದಷ್ಟೇ. ಕೈ ನಡುಗುವ ಮಗು, ಗೆರೆ ಸರಿಯಾಗಿ ಕಾಣದ ಮಗು, ಅರ್ಧ ತಾಸು ಒಂದೇ ಕಡೆ ಕೂರಲಾಗದ ಮಗು, ಇವರೆಲ್ಲ ಹಾಳೆ ಕೈಗೆ ಬರುವ ಮೊದಲೇ ಸೋತಿರುತ್ತಾರೆ. ನವಿಲನ್ನೇ ನೋಡದ ಮೂರು ವರ್ಷದ ಮಗು ಯಾಕೆ ನವಿಲಿಗೆ ಬಣ್ಣ ಹಚ್ಚಬೇಕು? ಅದಕ್ಕೆ ಮನೆ ಮುಂದಿನ ಕೋಳಿ ಇದೆ, ಓಣಿಯ ನಾಯಿ ಇದೆ, ಮಗ್ಗದ ಸಪ್ಪಳ ಇದೆ.

ಬೈಂಡಿಂಗಿಗೆ ಬರುವುದನ್ನೆಲ್ಲ ಓದುವ ರೂಢಿ ನನಗಿದೆ. ಶಿಕ್ಷಕರಿಗಾಗಿ ಮಾಡಿದ ಪುಸ್ತಕಗಳೂ ಬರುತ್ತವೆ. ಮಕ್ಕಳ ಗೀಚಿಗೆ ಒಂದು ಕ್ರಮ ಇದೆ ಎಂದು ಹಾಗೆ ಓದಿ ತಿಳಿದೆ. ಎರಡು ವರ್ಷದ ಆಸುಪಾಸಿನಲ್ಲಿ ಮಗು ಸುಮ್ನೆ ಕೈ ಆಡಿಸುತ್ತದೆ. ಹಾಳೆಯ ಮೇಲೆ ಗುರುತು ಬಿದ್ದಿದ್ದು ತನ್ನಿಂದ ಅಂತ ಗೊತ್ತಾದಾಗ ಮತ್ತೆ ಮತ್ತೆ ಮಾಡುತ್ತದೆ. ಮೂರರ ಹೊತ್ತಿಗೆ ಗೆರೆ ಸುತ್ತಿ ಬಂದು ತನ್ನ ತುದಿಗೇ ಸೇರುತ್ತದೆ, ವೃತ್ತ ಆಗುತ್ತದೆ. ಆಮೇಲೆ ಆ ವೃತ್ತಕ್ಕೆ ಎರಡು ಕಣ್ಣು, ತಲೆಯಿಂದಲೇ ಇಳಿದ ಎರಡು ಕಾಲು. ಹೊಟ್ಟೆ ಇಲ್ಲದ ಮನುಷ್ಯ. ರೋಡಾ ಕೆಲಾಗ್ ಎಂಬ ಅಮೆರಿಕದ ಶಿಕ್ಷಕಿ ಬೇರೆ ಬೇರೆ ದೇಶಗಳ ಪುಟ್ಟ ಮಕ್ಕಳ ಚಿತ್ರಗಳನ್ನು ಲಕ್ಷಗಟ್ಟಲೆ ಕೂಡಿಸಿ ನೋಡಿದರು. ಎಲ್ಲೆಡೆಯ ಮಕ್ಕಳೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ಬರುತ್ತಾರೆ ಎಂದು ಕಂಡರು. ನನ್ನ ಇಬ್ಬರು ಮಕ್ಕಳೂ ಹೊಟ್ಟೆ ಇಲ್ಲದ ಮನುಷ್ಯನನ್ನೇ ಬಿಡಿಸಿದ್ದರು. ಆಗ ನಾನು 'ಹೊಟ್ಟೆ ಎಲ್ಲೈತಿ?' ಎಂದು ಕೇಳಿ ತಿದ್ದಿಸಿದ್ದೆ. ಈಗ ನೆನೆಸಿಕೊಂಡರೆ ಮನಸ್ಸಿಗೆ ಕೆಡುಕೆನಿಸುತ್ತದೆ.

ಮೊಮ್ಮಗ ಹೋಗುವ ಅಂಗನವಾಡಿಯ ಅಕ್ಕೋರ ಹತ್ತಿರ ಇದನ್ನೆಲ್ಲ ಹೇಳಿಕೊಂಡೆ. ಅವರೂ ಹೂವು, ಮಾವಿನಹಣ್ಣಿನ ಚಿತ್ರ ಹಾಕಿಕೊಟ್ಟು ಬಣ್ಣ ತುಂಬಿಸುತ್ತಿದ್ದರು. ಬೇರೆ ಏನು ಮಾಡಲಿ, ಹಾಳೆ ಎಲ್ಲಿದೆ, ಹೊತ್ತು ಎಲ್ಲಿದೆ ಎಂದು ಕೇಳಿದರು. ಆ ಮಾತು ಖರೆ. ಮೊಟ್ಟೆ ಹಂಚಬೇಕು, ತೂಕ ನೋಡಬೇಕು, ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಎಂಬ ಸರ್ಕಾರಿ ಆ್ಯಪ್ ತುಂಬಬೇಕು, ಸರ್ವೆಗೆ ಹೋಗಬೇಕು. ಅವರ ಮೇಲೆ ಇನ್ನೊಂದು ಹೊರೆ ಹಾಕುವುದು ಬೇಡ ಅನ್ನಿಸಿತು. ಹಾಳೆ ನಾನು ತರುತ್ತೇನೆ, ವಾರಕ್ಕೆ ಎರಡು ದಿನ ಒಂದೊಂದು ತಾಸು ನಾನೇ ಬಂದು ಕೂರುತ್ತೇನೆ ಎಂದೆ. ನಮ್ಮ ಮಾಲೀಕರು ಆ ಒಂದು ತಾಸು ಬಿಟ್ಟುಕೊಟ್ಟರು.

ಹಾಳೆಗೆ ನಮ್ಮ ಊರಿನಲ್ಲಿ ಬರ ಇಲ್ಲ. ಗದಗ ಮುದ್ರಣದ ಊರು. ಕಟಿಂಗ್ ಮಷೀನಿನ ಕೆಳಗೆ ದಿನಾ ಎಷ್ಟು ಕಾಗದ ಬೀಳುತ್ತದೆ ಎಂಬುದು ಹೊರಗಿನವರಿಗೆ ಗೊತ್ತಿಲ್ಲ. ಪುಸ್ತಕದ ಅಂಚು ಕತ್ತರಿಸಿದಾಗ ಉದ್ದುದ್ದ ಪಟ್ಟಿ, ಲಗ್ನಪತ್ರಿಕೆ ಕತ್ತರಿಸಿದಾಗ ದಪ್ಪ ರಟ್ಟಿನ ಚೂರು, ಮಷೀನ್ ಹೊಂದಿಸುವಾಗ ಕೆಟ್ಟುಹೋದ ಹಾಳೆಗಳು. ಅವು ಒಂದು ಬದಿಗೆ ಮಾತ್ರ ಅಚ್ಚಾಗಿರುತ್ತವೆ, ಹಿಂದೆ ಪೂರ್ತಿ ಬಿಳಿ. ಇದೆಲ್ಲ ಕೆಜಿ ಲೆಕ್ಕದಲ್ಲಿ ರದ್ದಿಗೆ ಹೋಗುತ್ತದೆ. ಹಳೆಯ ಕ್ಯಾಲೆಂಡರಿನ ಹಿಂಬದಿಯೂ ತುಂಬಾ ಚಲೋ. ಪುಟ್ಟ ಮಕ್ಕಳಿಗೆ ದೊಡ್ಡ ಹಾಳೆಯೇ ಬೇಕು. ಅವರು ಬೆರಳಿನಿಂದ ಬಿಡಿಸುವುದಿಲ್ಲ, ಭುಜದಿಂದ ಬಿಡಿಸುತ್ತಾರೆ.

ಬಣ್ಣಕ್ಕೆ ನನ್ನ ಬೈಂಡಿಂಗ್ ಅಂಟೇ ದಾರಿ ತೋರಿಸಿತು. ಮೈದಾ ಹಿಟ್ಟನ್ನು ನೀರಿನಲ್ಲಿ ಕಲಸಿ ಕುದಿಸಿದರೆ ಅಂಟು. ಅದಕ್ಕೆ ಅರಿಶಿನ ಹಾಕಿದರೆ ಹಳದಿ, ಬೀಟ್‌ರೂಟ್ ರಸ ಹಾಕಿದರೆ ಗುಲಾಬಿ, ಬಸಳೆ ಹಣ್ಣು ಹಿಂಡಿದರೆ ನೇರಳೆ, ಇದ್ದಿಲು ಅರೆದರೆ ಕಪ್ಪು. ಕೆಮ್ಮಣ್ಣು ಇದ್ದೇ ಇದೆ. ಮಣ್ಣು, ಇದ್ದಿಲು ಬಿಟ್ಟರೆ ಉಳಿದವು ಸ್ವಲ್ಪ ಬಾಯಿಗೆ ಹೋದರೂ ಹೆದರಿಕೆ ಇಲ್ಲ. ಒಂದು ಮಾತು ಮಾತ್ರ ಎಲ್ಲರೂ ನೆನಪಿಡಬೇಕು. ಪ್ರೆಸ್ಸಿನ ಅಂಟಿಗೆ ಹುಳ ಹಿಡಿಯಬಾರದೆಂದು ಮೈಲುತುತ್ತ ಹಾಕುತ್ತಾರೆ. ಅದು ವಿಷ. ಆ ಅಂಟನ್ನು ಮಕ್ಕಳ ಹತ್ತಿರವೂ ತರಬಾರದು, ಮನೆಯಲ್ಲಿ ಬೇರೆಯಾಗಿ ಕುದಿಸಬೇಕು. ಹಾಗೆಯೇ ಬಿಳಿ ಬಣ್ಣಕ್ಕೆಂದು ಸುಣ್ಣ ಕೊಡಬಾರದು, ಚರ್ಮ ಸುಡುತ್ತದೆ.

ಮೊದಲ ದಿನ ನೆಲದ ಮೇಲೆ ಹಾಳೆ ಹಾಸಿ ನಾಲ್ಕೂ ಮೂಲೆಗೆ ಬ್ರೌನ್ ಟೇಪ್ ಅಂಟಿಸಿದೆವು. ಇಷ್ಟು ಮಾಡಿದರೆ ಒಂದೇ ಕೈಯ ಮಗುವಿಗೂ ಹಾಳೆ ಜಾರುವುದಿಲ್ಲ. ಆ ಮಂಟಪದಲ್ಲಿ ಬೇಕಾಗಿದ್ದುದು ಇಷ್ಟೇ, ಬೆರಳುದ್ದದ ಟೇಪು. ಸಪೂರ ಕ್ರೆಯಾನ್ ಹಿಡಿಯಲು ಕಷ್ಟಪಡುವವರಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಅದಕ್ಕೆ ತೊಡಿಸಿದೆವು. ಕೆಳಗೆ ಕೂರಲಾಗದವರಿಗೆ ಗೋಡೆಗೆ ಅವರ ಎದೆ ಮಟ್ಟದಲ್ಲಿ ಹಾಳೆ ಹಚ್ಚಿದೆವು. ಇವತ್ತು ಏನು ಬಿಡಿಸಬೇಕು ಎಂದು ಯಾರೂ ಹೇಳಲಿಲ್ಲ. ಅಕ್ಕೋರಿಗೂ ನನಗೂ ಅದೇ ದೊಡ್ಡ ಕಷ್ಟ. ಬಾಯಿ ಸುಮ್ಮನೆ ಇರುವುದಿಲ್ಲ. 'ಇದೇನು?' ಎಂದು ಕೇಳಲೂ ಬಾರದು ಅಂತ ನಿಧಾನವಾಗಿ ಗೊತ್ತಾಯಿತು. ಹಾಗೆ ಕೇಳಿದರೆ ಮಗು ನಮ್ಮನ್ನು ಖುಷಿಪಡಿಸಲು ಏನೋ ಒಂದು ಹೆಸರು ಹೇಳುತ್ತದೆ. ಸುಮ್ಮನೆ ಪಕ್ಕದಲ್ಲಿ ಕೂತರೆ ತಾನಾಗಿ ಹೇಳುತ್ತದೆ.

ಅಲ್ಲಿ ಒಬ್ಬ ಹುಡುಗಿಗೆ ದೃಷ್ಟಿ ತುಂಬಾ ಕಡಿಮೆ. ಹಾಳೆಯನ್ನು ಮೂಗಿನ ಹತ್ತಿರ ತಂದು ನೋಡುತ್ತಾಳೆ. ಅವಳ ಬಣ್ಣಕ್ಕೆ ಸ್ವಲ್ಪ ರವೆ ಬೆರೆಸಿದೆವು. ಒಣಗಿದ ಮೇಲೆ ತಾನು ಎಲ್ಲೆಲ್ಲಿ ಹಚ್ಚಿದೆ ಎಂದು ಬೆರಳಿನಿಂದಲೇ ನೋಡಿಕೊಂಡಳು. ಒಂದು ದಿನ ಹಾಳೆಯ ಒಂದು ಮೂಲೆಗೆ ಮಾತ್ರ ಬಣ್ಣ ಹಚ್ಚಿ ಕೈ ತೊಳೆಯಲು ಎದ್ದಳು. ಉಳಿದದ್ದೆಲ್ಲ ಖಾಲಿ ಇದೆಯಲ್ಲ ಎಂದು ಆಯಾ ಅಂದರು. ಆಗ ಅವಳು ಹೇಳಿದ್ದು: 'ಇಲ್ಲಿ ಮಳಿ ಬಂದೈತಿ. ಅಲ್ಲಿ ಇನ್ನಾ ಬಂದಿಲ್ಲ.' ಈ ವರ್ಷ ನಮ್ಮ ಕಡೆ ಮಳೆ ಹಾಗೇ ಬಿತ್ತು.

ಇನ್ನೊಬ್ಬ ಹುಡುಗನಿಗೆ ಆಟಿಸಂ ಇದೆ. ಕೈಗೆ ಅಂಟು ತಾಗಿದರೆ ಅವನಿಗೆ ತಡೆಯಲಾಗುವುದಿಲ್ಲ. ಬಾಗಿಲ ಹತ್ತಿರ ನಿಂತುಬಿಡುತ್ತಿದ್ದ. ಬಾ ಬಾ ಎಂದು ಎಳೆಯಲಿಲ್ಲ. ಒಂದು ಪುಟ್ಟಿ ತುಂಬ ಲಗ್ನಪತ್ರಿಕೆಯ ರಟ್ಟಿನ ಚೂರುಗಳನ್ನು ಅವನ ಹತ್ತಿರ ಇಟ್ಟು ಬಂದೆ. ಅವನು ಅವನ್ನು ಉದ್ದದ ಪ್ರಕಾರ ಸಾಲಾಗಿ ಜೋಡಿಸಿದ. ಚಿಕ್ಕದರಿಂದ ದೊಡ್ಡದಕ್ಕೆ, ಬಾಗಿಲಿನಿಂದ ಕಿಟಕಿಯವರೆಗೆ. ಪ್ರತಿ ಸಲ ಬೇರೆ ಬೇರೆ ಸಾಲು. ಮೂರು ವಾರ ಆದ ಮೇಲೆ ಮನೆಯಲ್ಲಿ ಉರ್ದು ಮಾತಾಡುವ ಒಬ್ಬ ಹುಡುಗಿ ಅವನ ಸಾಲಿನ ಪಕ್ಕ ತನ್ನದೊಂದು ಸಾಲು ಶುರು ಮಾಡಿದಳು. ಅವನು ಕೆಡಿಸಲಿಲ್ಲ. ಅವಳಿಗೆ ಕನ್ನಡ ಇನ್ನೂ ಸರಿಯಾಗಿ ಬಾರದು, ಅವನು ಮಾತೇ ಆಡುವುದಿಲ್ಲ. ಇಬ್ಬರೂ ಅರ್ಧ ತಾಸು ಕೂಡಿ ಕೆಲಸ ಮಾಡಿದರು.

ನನ್ನ ಮೊಮ್ಮಗ ಮೊದಲಿಗೆ ಬರೀ ನೋಡುತ್ತಿದ್ದ. ಒಂದು ದಿನ ಅರಿಶಿನದ ಬಣ್ಣ ಮಾಡಿದ್ದೆವು. ಒಬ್ಬ ಹುಡುಗ ಸೋಪು ಹಚ್ಚಿದ ಒದ್ದೆ ಕೈಯಲ್ಲೇ ಓಡಿಬಂದು ತನ್ನ ಹಳದಿ ಹಾಳೆ ಮುಟ್ಟಿದ. ಮುಟ್ಟಿದಲ್ಲೆಲ್ಲ ಕೆಂಪಾಯಿತು. ಅರಿಶಿನಕ್ಕೆ ಸೋಪಿನ ಕ್ಷಾರ ತಾಗಿದರೆ ಹಾಗೆ ಆಗುತ್ತದೆ. ಮಕ್ಕಳು ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಂದು ನೋಡಿದರು. ಆಮೇಲೆ ಎಲ್ಲರೂ ಸೋಪಿನ ನೀರಿಗೆ ಕೈ ಅದ್ದಿದರು. ಆಯಾ ಅಡುಗೆಯ ನಿಂಬೆಹಣ್ಣು ತಂದು ಒಂದು ಹನಿ ಹಿಂಡಿ ತೋರಿಸಿದರು, ಕೆಂಪು ಮತ್ತೆ ಹಳದಿಯಾಯಿತು. ಆ ಗದ್ದಲದಲ್ಲಿ ನನ್ನ ಮೊಮ್ಮಗ ಯಾವಾಗ ನೆಲಕ್ಕೆ ಕೂತ ಎಂದು ನಾನು ನೋಡಲಿಲ್ಲ. ನೋಡಿದಾಗ ಅವನ ಬಿಗಿದ ಬಲ ಮುಷ್ಟಿ ಸೋಪಿನ ನೀರಿನಲ್ಲಿತ್ತು. ಎಡಗೈಯಿಂದ ಅದನ್ನು ಎತ್ತಿ ಹಳದಿ ಹಾಳೆಯ ಮೇಲೆ ಒತ್ತಿದ. ದುಂಡನೆ ಕೆಂಪು ಗುರುತು ಬಿತ್ತು. ಇನ್ನೊಂದು ಸಲ ಒತ್ತಿದ. ಹಾಳೆ ತುಂಬ ಒತ್ತಿದ. ನನ್ನ ಕಡೆ ತಿರುಗಿ, 'ಈ ಕೈನೂ ಬರಿತೈತಿ, ಅಮ್ಮ' ಎಂದ. ಆ ಕೈಯನ್ನು ಅವನು ತಾನಾಗಿ ಕೆಲಸಕ್ಕೆ ತಂದಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಇದು ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡದ ಮಗು ನಮ್ಮ ಓಣಿಯಲ್ಲಿತ್ತೇ? ಆಷಾಢದ ಮಂಗಳವಾರ ಎರೆಮಣ್ಣು ತಂದು ಗುಳ್ಳವ್ವ ಎಂಬ ಮಣ್ಣಿನ ದೇವಿಯನ್ನು ಮಾಡುತ್ತಿದ್ದೆವು. ಜೋಳದ ಕಾಳು, ಕುಸುಬಿ ಕಾಳು ಚುಚ್ಚಿ ಸಿಂಗರಿಸುತ್ತಿದ್ದೆವು. ಒಬ್ಬಳ ಗುಳ್ಳವ್ವ ದಪ್ಪ, ಇನ್ನೊಬ್ಬಳದು ಸೊಟ್ಟ. ಯಾರೂ ಮೊದಲ ನಂಬರು, ಎರಡನೇ ನಂಬರು ಕೊಡಲಿಲ್ಲ. ಎಲ್ಲವನ್ನೂ ಕೂಡಿಸಿ ಇಟ್ಟೇ ಹಾಡುತ್ತಿದ್ದೆವು. (ಆಗ ಗುಲಗಂಜಿಯನ್ನೂ ಚುಚ್ಚುವವರಿದ್ದರು. ಅದು ವಿಷದ ಬೀಜ, ಪುಟ್ಟ ಮಕ್ಕಳ ಕೈಗೆ ಬೇಡ.)

ಇನ್ನೊಂದು ಮಾತು. ಇದು ವೀರೇಶ್ವರ ಪುಣ್ಯಾಶ್ರಮದ ಊರು. ಪಂಚಾಕ್ಷರಿ ಗವಾಯಿಗಳು ಅಂಧರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು, ಅವರೂ ಅಂಧರೇ, 2010ರವರೆಗೆ ಆಶ್ರಮ ನಡೆಸಿದರು. ಕಣ್ಣಿಲ್ಲದ ಎಷ್ಟು ಮಕ್ಕಳು ಅಲ್ಲಿ ಸಂಗೀತಗಾರರಾದರು! ಸಂಗೀತಕ್ಕೆ ಕಣ್ಣು ಬೇಕಿಲ್ಲ ಎಂದು ನಾಡಿಗೆ ತೋರಿಸಿದ ಊರಿನಲ್ಲಿ, ಕೈ ಗಟ್ಟಿ ಇದ್ದವರಿಗೆ ಮಾತ್ರ ಚಿತ್ರ ಎನ್ನುವ ಸ್ಪರ್ಧೆ ನಡೆಯುತ್ತಿದೆ ಎಂದರೆ ನನಗೆ ನೋವಾಗುತ್ತದೆ.

ಕಾನೂನು, ನೀತಿ ಎಲ್ಲ ನಮ್ಮ ಮಕ್ಕಳ ಪರವಾಗಿಯೇ ಇವೆ. ಆಟಕ್ಕೂ ಕಲೆಗೂ ಪ್ರತಿ ಮಗುವಿಗೆ ಹಕ್ಕಿದೆ ಎಂದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಹೇಳುತ್ತದೆ. ಭಾರತ ಅದನ್ನು 1992ರಲ್ಲೇ ಒಪ್ಪಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎಲ್ಲ ಮಕ್ಕಳೂ ಕೂಡಿ ಕಲಿಯಬೇಕು ಎನ್ನುತ್ತದೆ. ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲಿ, ಮಗು ತನ್ನ ಭಾವನೆಯನ್ನು ಕಲೆಯ ಮೂಲಕ ಖುಷಿಯಿಂದ ಹೇಳಿಕೊಳ್ಳಬೇಕು ಎಂಬುದೂ ಒಂದು ಗುರಿ. ಅಂಗನವಾಡಿಗಳಲ್ಲಿ ಅಂಗವಿಕಲ ಮಕ್ಕಳನ್ನು ಹೇಗೆ ನೋಡಿಕೊಳ್ಳಬೇಕು ಎಂದು ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಒಂದು ಮಾರ್ಗಸೂಚಿಯನ್ನೇ ಹೊರಡಿಸಿದೆ. ಬರೆದಿಡುವ ಕೆಲಸ ಆಗಿದೆ. ನಮಗೆ ಈಗ ಬೇಕಾಗಿರುವುದು ಹಾಳೆ, ಟೇಪು, ಒಂದು ತಾಸು ಹೊತ್ತು.

ಒಬ್ಬ ತಂದೆ ಬಂದು ಕೇಳಿದರು, ಮನೆಗೆ ಬರೀ ಗೀಚಿದ ಹಾಳೆ ಬರುತ್ತವೆ, ಎಬಿಸಿಡಿ ಯಾವಾಗ ಬರೆಸುತ್ತೀರಿ ಎಂದು. ಅವರ ಆತಂಕ ನನಗೆ ಗೊತ್ತು. ಕಾನ್ವೆಂಟಿಗೆ ಹೋಗುವ ಓರಗೆಯ ಮಕ್ಕಳು ಆಗಲೇ ಬರೆಯುತ್ತಿರುತ್ತಾರೆ, ಅಲ್ವಾ? ಅಕ್ಕೋರು ಅವರಿಗೆ ಮಗಳ ಹಾಳೆಗಳನ್ನು ತಾರೀಕಿನ ಪ್ರಕಾರ ಜೋಡಿಸಿ ತೋರಿಸಿದರು. ಮೊದಲನೆಯದರಲ್ಲಿ ಬರೀ ಚುಕ್ಕೆ, ನಡುವೆ ಸುತ್ತು ಸುತ್ತು ಗೆರೆ, ಕೊನೆಗೆ ಮುಚ್ಚಿದ ವೃತ್ತ. 'ಇದು ಸೊನ್ನೆ, ಇದೇ ನಾಳೆ ಠ ಆಗತೈತಿ' ಎಂದರು. ಆ ತಂದೆ ಹಾಳೆಗಳನ್ನು ಮಡಿಸದೆ ಸುರುಳಿ ಸುತ್ತಿ ಮನೆಗೆ ತೆಗೆದುಕೊಂಡು ಹೋದರು. ಪ್ರತಿ ಹಾಳೆಯ ಹಿಂದೆ ಹೆಸರು, ತಾರೀಕು ಬರೆಯುವ ಪದ್ಧತಿ ಅಕ್ಕೋರದೇ. ಮಗುವಿನ ಚಿತ್ರದ ಮೇಲೆ ರೈಟ್ ಮಾರ್ಕ್, ಸ್ಟಾರ್ ಏನೂ ಹಾಕುವುದಿಲ್ಲ.

ಈಗ ನಾನು ಕೇಳಿಕೊಳ್ಳುವುದು ಇದು. ನವೆಂಬರ್ 14 ಹತ್ತಿರ ಬರುತ್ತಿದೆ. ಹುಬ್ಬಳ್ಳಿ, ಧಾರವಾಡ, ಹಾವೇರಿ, ಗದಗ ಎಲ್ಲ ಕಡೆ ಸಂಘಗಳು, ಶಾಲೆಗಳು, ಅಂಗಡಿಯವರು ಮಕ್ಕಳಿಗೆ ಸ್ಪರ್ಧೆ ಇಡುತ್ತಾರೆ. ದೊಡ್ಡ ಮಕ್ಕಳಿಗೆ ಬೇಕಾದರೆ ಇಡಲಿ. ಆರು ವರ್ಷದೊಳಗಿನವರಿಗೆ ಸ್ಪರ್ಧೆಯೇ ಬೇಡ. ಅಚ್ಚು ಹಾಕಿದ ಚಿತ್ರ ಬೇಡ, ನಂಬರು ಬೇಡ, ಗಡಿಯಾರ ಬೇಡ. ನೆಲದ ಮೇಲೆ ಜಮಖಾನ ಹಾಸಿ, ಅದರ ಮೇಲೆ ದೊಡ್ಡ ದೊಡ್ಡ ಖಾಲಿ ಹಾಳೆ ಅಂಟಿಸಿ. ಅಂಗವಿಕಲ ಮಕ್ಕಳಿರುವ ಮನೆಗಳಿಗೆ ನೀವೇ ಹೋಗಿ ಕರೆಯಿರಿ. ಸಾಮಾನ್ಯವಾಗಿ ಆ ತಾಯಂದಿರು ತಾವಾಗಿ ಬರುವುದಿಲ್ಲ, ನನ್ನ ಮಗಳೂ ಬರುತ್ತಿರಲಿಲ್ಲ. ಮಗುವಿನ ಕೈ ಹಿಡಿದು ಬಿಡಿಸಬೇಡಿ ಎಂದು ಮೈಕಿನಲ್ಲಿ ಎರಡು ಸಲ ಹೇಳಿ.

ಗದಗಿನ ಮುದ್ರಣಾಲಯಗಳ ಮಾಲೀಕರಲ್ಲೂ ಒಂದು ವಿನಂತಿ. ಇಟಲಿಯಲ್ಲಿ ರೆಜ್ಜೊ ಎಮಿಲಿಯಾ ಎಂಬ ಊರಿದೆ. ಪುಟ್ಟ ಮಕ್ಕಳ ಶಾಲೆಗಳಿಗೆ ಹೆಸರಾದ ಊರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ತಂದೆ-ತಾಯಂದಿರೇ ಸೇರಿ ಶಾಲೆ ಕಟ್ಟಲು ಶುರು ಮಾಡಿದ್ದರು. ಅಲ್ಲಿ 1996ರಿಂದ ರೆಮಿಡಾ ಎಂಬ ಒಂದು ಕೇಂದ್ರ ಇದೆ. ಊರಿನ ಕಾರ್ಖಾನೆಗಳಲ್ಲಿ ಉಳಿದ ಕಾಗದ, ರಟ್ಟು, ಬಟ್ಟೆ, ಪ್ಲಾಸ್ಟಿಕ್ ತುಂಡುಗಳು ಅಲ್ಲಿಗೆ ಬರುತ್ತವೆ. ಶಾಲೆಯವರು ಅಲ್ಲಿಂದ ತೆಗೆದುಕೊಂಡು ಹೋಗುತ್ತಾರೆ. ನಮ್ಮಲ್ಲಿ ಪ್ರೆಸ್ಸಿನ ಕಾಗದ ಇದೆ, ಬೆಟಗೇರಿಯ ಮಗ್ಗಗಳಲ್ಲಿ ಉಳಿದ ಬಣ್ಣಬಣ್ಣದ ನೂಲು ಇದೆ. ವಾರಕ್ಕೊಮ್ಮೆ ಒಂದು ಚೀಲ ಚೂರನ್ನು ರದ್ದಿಗೆ ಹಾಕದೆ ಹತ್ತಿರದ ಅಂಗನವಾಡಿಗೆ ಕೊಟ್ಟರೆ ಯಾರಿಗೂ ದೊಡ್ಡ ನಷ್ಟ ಇಲ್ಲ. ಸ್ಟೇಪಲ್ ಪಿನ್ ಮಾತ್ರ ಆರಿಸಿ ತೆಗೆಯಬೇಕು. ಆರಿಸಲು ನಮ್ಮಂಥ ಬೈಂಡಿಂಗ್ ಹೆಂಗಸರು ಇದ್ದೇವೆ, ಹೇಳಿದರೆ ಮಾಡಿಕೊಡುತ್ತೇವೆ.

ಕೊನೆಯ ಕೋರಿಕೆ ನಿಮಗೆ. ಮಕ್ಕಳ ಪುಟದಲ್ಲಿ 'ಬಣ್ಣ ತುಂಬಿರಿ' ಎಂದು ಗೆರೆಯ ಚಿತ್ರ ಹಾಕುತ್ತೀರಿ. ತಿಂಗಳಿಗೆ ಒಂದು ಸಲವಾದರೂ ಅಲ್ಲಿ ಖಾಲಿ ಜಾಗ ಬಿಡಿ. ಎರಡು ಕಾಲಂ ಸಾಲದು, ಅರ್ಧ ಪುಟ ಬೇಕು. ಒಳಗೆ ಏನೂ ಅಚ್ಚು ಹಾಕಬೇಡಿ. ಬಂದ ಚಿತ್ರಗಳಲ್ಲಿ ಅತ್ಯುತ್ತಮ ಯಾವುದು ಎಂದು ಆರಿಸಬೇಡಿ, ಜಾಗ ಇದ್ದಷ್ಟು ಹಾಕಿ.

ಈ ಪತ್ರದ ಜೊತೆ ನನ್ನ ಮೊಮ್ಮಗನ ಒಂದು ಚಿತ್ರ ಇಟ್ಟಿದ್ದೇನೆ. ಹೋದ ವರ್ಷದ ಕ್ಯಾಲೆಂಡರಿನ ಹಿಂದೆ ಅರಿಶಿನ, ಸೋಪಿನ ನೀರಿನಿಂದ ಮಾಡಿದ್ದು. ಅವನನ್ನು ಕೇಳಿಯೇ ಕಳಿಸುತ್ತಿದ್ದೇನೆ. ಇದು ತನ್ನದು, ನೋಡಿ ಆದ ಮೇಲೆ ತಿರುಗಿ ಕಳಿಸಬೇಕು ಎಂದು ಹೇಳಿದ್ದಾನೆ. ಅಂಚೆ ಚೀಟಿ ಹಚ್ಚಿದ ಲಕೋಟೆ ಒಳಗಿದೆ.

ಇಂತಿ,
ಬೈಂಡಿಂಗ್ ಕೆಲಸದ ಒಬ್ಬ ಅಜ್ಜಿ
ಬೆಟಗೇರಿ, ಗದಗ